ಹಳೇ ಕಾರು: ಥರ್ಮೋಸ್ಟಾಟ್ ಕಿತ್ತರೆ ಬಿಸಿ ಇಳಿಯುವುದಿಲ್ಲ

ಪ್ರಶ್ನೆ: ನಮ್ಮದು 2008ರ ಮಾರುತಿ ಆಲ್ಟೊ, 796 ಸಿಸಿ. ಕೈಬದಲಾಗಿ ಬಂದದ್ದು. ಹೆದ್ದಾರಿಯಲ್ಲಿ ಏನೂ ತೊಂದರೆಯಿಲ್ಲ, ಪೇಟೆಯ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ. ಹಿಂದಿನ ಮಾಲೀಕರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಕವಾಟ) ತೆಗೆಸಿಬಿಟ್ಟಿದ್ದಾರೆ. ರೇಡಿಯೇಟರ್‌ಗೆ ಮನೆಯ ಬೋರ್‌ವೆಲ್ ನೀರನ್ನೇ ಹಾಕುತ್ತೇವೆ. ಹೆಡ್ (ಎಂಜಿನ್ ಬ್ಲಾಕಿನ ಮೇಲೆ ಕೂರುವ ಭಾಗ) ಇಳಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳುತ್ತಿದ್ದಾರೆ. ಇಳಿಸಲೇಬೇಕೆ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಸದ್ಯಕ್ಕೆ ಬೇಡ. ಉತ್ತರದ ಅರ್ಧ ಭಾಗ ನಿಮ್ಮ ಪ್ರಶ್ನೆಯಲ್ಲೇ ಇದೆ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವ ಕಾರಿಗೆ ಎದುರುಗಾಳಿ ಸಿಗುತ್ತದೆ, ನಿಂತ ಕಾರಿಗೆ ಫ್ಯಾನೊಂದೇ ಗತಿ.

ಎಸಿ ಆಫ್ ಮಾಡಿ ಎಂಜಿನ್ ಐಡಲ್‌ನಲ್ಲಿ ಬಿಡಿ. ಮುಳ್ಳು ಅರ್ಧ ದಾಟುವ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಎಂಜಿನ್ ಆಫ್ ಮಾಡಿ, ಫ್ಯಾನ್ ಮೋಟಾರಿನ ಕನೆಕ್ಟರ್ ಬಿಚ್ಚಿ, ನಡುವೆ 15 ಆಂಪಿಯರ್ ಫ್ಯೂಸ್ ಇಟ್ಟ ವೈರಿನಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರು ಹೋಗಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿದೆ. ನೇರ ಕರೆಂಟಿಗೆ ಚೆನ್ನಾಗಿ ತಿರುಗಿದರೆ ತೊಂದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಟೆಂಪರೇಚರ್ ಸೆನ್ಸರಿನಲ್ಲಿದೆ. ಕನೆಕ್ಟರ್ ಮತ್ತೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಸೆನ್ಸರಿನ ಪಿನ್ ಎಳೆದು ನೋಡಿ. ಬಹುತೇಕ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಕಾರುಗಳಲ್ಲಿ ಸೆನ್ಸರ್ ಸುದ್ದಿ ನಿಂತ ಕೂಡಲೇ ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಮುನ್ನೆಚ್ಚರಿಕೆಗಾಗಿ ಫ್ಯಾನ್ ಓಡಿಸುತ್ತದೆ. ಹಾಗೆ ಓಡಿದರೆ ವೈರಿಂಗ್ ಮತ್ತು ರಿಲೇ ಸರಿಯಿವೆ, ಸೆನ್ಸರ್ ಬದಲಿಸಿ.

ಫ್ಯಾನ್ ಸರಿಯಿದ್ದರೆ ರೇಡಿಯೇಟರ್ ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕ್ಯಾಪ್ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕ್ಯಾಪಿನ ಬಾಯಿಂದ ಟಾರ್ಚ್ ಬಿಟ್ಟು ನೋಡಿದರೆ ಟ್ಯೂಬುಗಳ ತುದಿ ಕಾಣುತ್ತದೆ. ಬೋರ್ ನೀರು ಕುಡಿದ ರೇಡಿಯೇಟರ್‌ನಲ್ಲಿ ಅಲ್ಲಿ ಸುಣ್ಣದಂಥ ಬಿಳಿ ಪದರ, ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತುಕ್ಕಿನ ಕೆಸರು ಕೂತಿರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಕಿಟ್ಟವೇ ಇದು. ಚಿತ್ರದುರ್ಗ, ಕೋಲಾರ, ತುಮಕೂರು ಕಡೆಯ ಗಡಸು ನೀರಿನಲ್ಲಿ ಇದು ಬೇಗ ಕಟ್ಟುತ್ತದೆ. ಇನ್ನೊಂದು ಪರೀಕ್ಷೆ: ಬಿಸಿಯಾದ ಎಂಜಿನ್ ಆಫ್ ಮಾಡಿ, ಫ್ಯಾನ್ ಕನೆಕ್ಟರ್ ಬಿಚ್ಚಿಟ್ಟು, ಬಟ್ಟೆ ಸುತ್ತಿದ ಕೈಯನ್ನು ರೇಡಿಯೇಟರ್ ಮೇಲೆ ಉದ್ದಕ್ಕೂ ಆಡಿಸಿ. ನಡುನಡುವೆ ತಣ್ಣಗಿರುವ ಕಡೆ ನೀರು ಹರಿಯುತ್ತಿಲ್ಲ ಎಂದೇ ಅರ್ಥ. ಅರ್ಧಕ್ಕರ್ಧ ಕಟ್ಟಿದ್ದರೆ ತೊಳೆಸಿ ಫಲವಿಲ್ಲ, ಹೊಸದನ್ನೇ ಹಾಕಿಸಿ.

ಇನ್ನು ಥರ್ಮೋಸ್ಟಾಟ್. ದಯವಿಟ್ಟು ಮರಳಿ ಹಾಕಿಸಿ. ಕಾರು ಬಿಸಿಯಾಯಿತೆಂದು ಅದನ್ನು ಕಿತ್ತೆಸೆಯುವ ರೂಢಿ ನಮ್ಮಲ್ಲಿ ಬಹಳ ಇದೆ, ಎಷ್ಟೋ ಒಳ್ಳೆಯ ಎಂಜಿನ್‌ಗಳು ಇದರಿಂದಲೇ ಹಾಳಾಗಿವೆ. ಅದಿಲ್ಲದಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಎಂ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಇಳಿಯುತ್ತದೆ, ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ. ಅತ್ತ ಕಟ್ಟಿದ ರೇಡಿಯೇಟರ್ ಕಟ್ಟಿದ ಹಾಗೆಯೇ ಉಳಿಯುತ್ತದೆ.

ಹೊಸ ಥರ್ಮೋಸ್ಟಾಟನ್ನೂ ಹಾಕುವ ಮೊದಲು ಪರೀಕ್ಷಿಸಬಹುದು. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗದಿರಲಿ. ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ಅದರ ಮೈಮೇಲೆ 82 ಎಂದು ಒತ್ತಿದ್ದರೆ ಆ ಬಿಸಿಯ ಆಸುಪಾಸಿನಲ್ಲಿ ಬಾಯಿ ಬಿಡಲು ತೊಡಗಿ, ನೀರು ಕುದಿಯುವ ಮೊದಲೇ ಪೂರ್ತಿ ತೆರೆಯಬೇಕು. ಕೂರಿಸುವಾಗ ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಮೇಲ್ಭಾಗಕ್ಕೇ ಬರಲಿ, ಒಳಗಿನ ಗಾಳಿ ಹೊರಹೋಗುವ ದಾರಿ ಅದು.

ರೇಡಿಯೇಟರ್ ಕ್ಯಾಪನ್ನೂ ಬದಲಿಸಿ. 0.9 ಎಂದು ಒತ್ತಿದ ಕ್ಯಾಪ್ ಆ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಸತ್ತ ಕ್ಯಾಪಿದ್ದರೆ 100ಕ್ಕೇ ಕುದಿದು ಹೊರಚೆಲ್ಲುತ್ತದೆ. ವಾಟರ್ ಪಂಪ್ ತಿರುಗಿಸುವ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ 6ರಿಂದ 9 ಮಿ.ಮೀ. ಬಾಗಬೇಕು, ಅದಕ್ಕಿಂತ ಸಡಿಲವಿದ್ದರೆ ಜಾರುತ್ತದೆ. ಎಲ್ಲ ಆದ ಮೇಲೆ ಎರಡು ಲೀಟರ್ ಕಾನ್ಸಂಟ್ರೇಟ್ ಕೂಲೆಂಟಿಗೆ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ರೆಡಿಮಿಕ್ಸ್ ತಂದಿದ್ದರೆ ನೀರು ಬೆರೆಸಬೇಡಿ.

ಹೆಡ್ ವಿಚಾರ. ತಣ್ಣಗಿನ ಎಂಜಿನ್‌ನಲ್ಲಿ ಕ್ಯಾಪ್ ತೆಗೆದು ಬಾಯಿಮಟ್ಟ ತುಂಬಿಸಿ ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಬಿಡದೆ ಗುಳ್ಳೆ ಏಳುತ್ತಿದ್ದರೆ, ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿದರೆ, ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ. ಆಯಿಲ್ ಕ್ಯಾಪಿನ ಕೆಳಗೆ ಮಜ್ಜಿಗೆಯಂಥ ನೊರೆ ಕಂಡ ಮಾತ್ರಕ್ಕೆ ನಿರ್ಧರಿಸಬೇಡಿ, ಮಳೆಗಾಲದಲ್ಲಿ ಬರೀ ಸಣ್ಣ ದೂರ ಓಡಿಸಿದರೂ ಅದು ಬರುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಹೆಡ್ ಇಳಿಸುವುದೇ ಆದರೆ ನೀವು ಎದುರಿಗಿದ್ದು, ಹೆಡ್ಡಿನ ಕೆಳಮೈಗೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ನೋಡಲು ಹೇಳಿ. 0.05 ಮಿ.ಮೀ.ಗಿಂತ ಹೆಚ್ಚು ಸಂದು ಇದ್ದರೆ ಫೇಸಿಂಗ್ (ಆ ಮೈಯನ್ನು ಸಮತಟ್ಟು ಮಾಡುವ ಕೆಲಸ) ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ.

ಪ್ರಶ್ನೆ: 2005ರ ಕಾರು. ಕೀ ತಿರುಗಿಸಿದರೆ ಟಿಕ್ ಎಂದು ಒಂದೇ ಸದ್ದು, ಸೆಲ್ಫ್ ತಿರುಗುವುದಿಲ್ಲ. ನಾಲ್ಕೈದು ಸಲ ಮಾಡಿದರೆ ಹಿಡಿಯುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ.
– ಓದುಗರೊಬ್ಬರು, ಕುಮಟಾ

ಉತ್ತರ: ಕರಾವಳಿಯ ಉಪ್ಪುಗಾಳಿಯಲ್ಲಿ ಮೊದಲು ಕೆಡುವುದು ಅರ್ತಿಂಗ್, ಅಂದರೆ ಬ್ಯಾಟರಿಯ ಮೈನಸ್‌ಗೂ ಎಂಜಿನ್‌ಗೂ ಇರುವ ಸಂಪರ್ಕ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಪಿನ್ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿಲೋಹಕ್ಕೆ ಹಿಡಿಯಿರಿ. ಇನ್ನೊಬ್ಬರು ಕೀ ತಿರುಗಿಸಲಿ. ಅರ್ಧ ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿ ಮತ್ತು ಬೋಲ್ಟ್ ಕೂರುವ ಜಾಗವನ್ನು ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಅರ್ತ್ ಸರಿಯಿದ್ದು, ಕೀ ತಿರುಗಿಸಿದಾಗ ಬ್ಯಾಟರಿ ಕಂಬಗಳಲ್ಲಿ 12 ವೋಲ್ಟ್ ಕದಲದೆ ನಿಂತು ಟಿಕ್ ಸದ್ದು ಮಾತ್ರ ಬಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ, ಇಲ್ಲವೇ ಸೆಲ್ಫ್ ಮೋಟಾರಿನ ಬ್ರಷ್ ಸವೆದಿದೆ. ಇಡೀ ಮೋಟಾರ್ ಬದಲಿಸುವ ಮೊದಲು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ನೋಡಿ. ಜೊತೆಗೇ ಎಂಜಿನ್ ಓಡುವಾಗ ಚಾರ್ಜಿಂಗ್ ಅಳೆಯಿರಿ: 13.8ರಿಂದ 14.5 ವೋಲ್ಟ್ ಇರಬೇಕು.

ಪ್ರಶ್ನೆ: ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಮುಂದಿನ ಚಕ್ರದಲ್ಲಿ ಕಟಕಟ ಸದ್ದು. ನೇರ ಹೋಗುವಾಗ ಇಲ್ಲ.
– ಓದುಗರೊಬ್ಬರು, ಗದಗ

ಉತ್ತರ: ಹೊರಗಿನ ಸಿವಿ ಜಾಯಿಂಟ್ ಹೋಗಿದೆ, ಅಂದರೆ ಆಕ್ಸಲ್ಲಿನ ತುದಿಯಲ್ಲಿ ಚಕ್ರದ ಬಳಿ ಇರುವ ಬಾಗುವ ಕೀಲು. ಚಕ್ರದ ಹಿಂದೆ ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿರುತ್ತದೆ. ಬಲಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಎಡಗಡೆಯದು ಹೋಗಿರುತ್ತದೆ. ಸದ್ದು ಶುರುವಾದ ಮೇಲೆ ಬರೀ ಬೂಟ್ ಹಾಕಿ ಗ್ರೀಸ್ ತುಂಬಿದರೆ ಸಾಲದು, ಧೂಳು ಒಳಹೊಕ್ಕು ಗುಂಡುಗಳ ದಾರಿಯನ್ನು ಆಗಲೇ ಕೊರೆದಿರುತ್ತದೆ, ಜಾಯಿಂಟನ್ನೇ ಬದಲಿಸಿ. ಆಕ್ಸಲ್ ಎಳೆಯುವ ಮೊದಲು ಗೇರ್ ಆಯಿಲ್ ಇಳಿಸಿಕೊಳ್ಳಿ, ಆಕ್ಸಲ್ ಸೀಲ್ ಮತ್ತು ಹಬ್ ನಟ್ ಹೊಸದು ಹಾಕಿಸಿ. ಇನ್ನೊಂದು ಬದಿಯ ಬೂಟ್ ಬಿರುಕು ಬಿಟ್ಟಿದ್ದು ಇನ್ನೂ ಸದ್ದಿಲ್ಲದಿದ್ದರೆ ಬೂಟ್ ಮಾತ್ರ ಈಗಲೇ ಬದಲಿಸಿದರೆ ಆ ಜಾಯಿಂಟ್ ಉಳಿಯುತ್ತದೆ.