ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು ಹಾಸ್ಟೆಲಿನಲ್ಲಿ ಒಂಟಿಯಾಗದೆ ಇರುವುದು ಹೇಗೆ?

ನೀವು ಬರೆದಿರುವುದನ್ನು ನಾನು ಅರ್ಥಮಾಡಿಕೊಂಡದ್ದು ಇಷ್ಟು: ಕಾರ್ಕಳದ ಕಡೆಯ ಜೈನ ಮನೆತನ, ಬೆಂಗಳೂರಿನಲ್ಲಿ ಮೈಕ್ರೊಬಯಾಲಜಿ ಎಂ.ಎಸ್ಸಿ. ಮೊದಲ ವರ್ಷ. ಸೂರ್ಯಾಸ್ತದ ನಂತರ ಊಟವಿಲ್ಲ; ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಂಥ ನೆಲದೊಳಗಿನ ಗಡ್ಡೆಗಳನ್ನು ಮುಟ್ಟುವುದಿಲ್ಲ. ಸಹಪಾಠಿಗಳು ಕೆಟ್ಟವರಲ್ಲ, ಆಪ್ತರೂ ಆಗಿಲ್ಲ. ಪ್ರಯೋಗಾಲಯದ ಕೆಲಸ ಮನಸ್ಸಿಗೆ ಒಗ್ಗುತ್ತಿಲ್ಲ. ಓದು ನಿಲ್ಲಿಸಿ ಊರಿಗೆ ಮರಳಿದರೆ ಹೇಗೆ ಎಂದು ಕೇಳಿದ್ದೀರಿ.

ಮರಳಬೇಡಿ, ಈ ಕಾರಣಗಳಿಗಾಗಿಯಂತೂ ಬೇಡ. ನಾನು ಬೆಳಗಾವಿ ಜಿಲ್ಲೆಯ ಜೈನ ರೈತರ ಮನೆಯಿಂದ ಬಂದು, ಇದೇ ನಿಯಮಗಳನ್ನು ಇಟ್ಟುಕೊಂಡು, ಹಾಸ್ಟೆಲಿನಲ್ಲಿದ್ದು ಸ್ನಾತಕೋತ್ತರ ಪದವಿ ಓದಿದೆ. ಆ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಒಂಟಿತನದ ಬಹುಪಾಲು ಧರ್ಮದಿಂದ ಬಂದದ್ದಲ್ಲ, ಮೆಸ್ಸಿನ ವೇಳಾಪಟ್ಟಿಯಿಂದ ಬಂದದ್ದು. ಹಾಸ್ಟೆಲಿನ ಸ್ನೇಹಗಳು ತರಗತಿಯಲ್ಲಿ ಹುಟ್ಟುವುದಿಲ್ಲ. ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ತಟ್ಟೆ ಹಿಡಿದು ಕುಳಿತು ಪ್ರೊಫೆಸರರನ್ನು ಬೈಯುವಾಗ ಹುಟ್ಟುತ್ತವೆ. ಆ ಹೊತ್ತಿಗೆ ನೀವು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತೀರಿ. ಇದಕ್ಕೆ ಪರಿಹಾರ ತೀರಾ ಸರಳ: ಊಟ ಮಾಡದಿದ್ದರೂ ಅಲ್ಲಿಗೆ ಹೋಗಿ ಕುಳಿತುಕೊಳ್ಳಿ. ಮೊದಮೊದಲು ಎಲ್ಲರೂ ‘ನಿನ್ನ ತಟ್ಟೆ ಎಲ್ಲಿ?’ ಎಂದು ಕೇಳುತ್ತಾರೆ. ಬರಿಗೈಯಲ್ಲಿ ಕುಳಿತವರನ್ನು ಕಂಡು ಅವರಿಗೇ ಮುಜುಗರವಾಗುತ್ತದೆ. ಆಮೇಲೆ ಕೇಳುವುದನ್ನು ಬಿಟ್ಟು ನಿಮಗೊಂದು ಜಾಗ ಹಿಡಿದಿಡುತ್ತಾರೆ.

ನಿಮ್ಮ ಊಟದ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ ಸಂಜೆ 5.50ರ ಸುಮಾರಿಗೆ ಮುಳುಗುತ್ತಾನೆ, ಜುಲೈ ಮೊದಲ ವಾರದಲ್ಲಿ 6.50ರ ಆಸುಪಾಸು. ನಿಮ್ಮ ಊರಿಗಿಂತ ಇಲ್ಲಿ ಹತ್ತು ನಿಮಿಷ ಮೊದಲೇ, ಏಕೆಂದರೆ ನೀವು ಪೂರ್ವಕ್ಕೆ ಬಂದಿದ್ದೀರಿ. ಲ್ಯಾಬ್ ಐದೂವರೆಗೆ ಮುಗಿಯುವ ದಿನ ಮೆಸ್ಸಿನಿಂದ ಏನೂ ಸಿಗುವುದಿಲ್ಲ ಎಂದೇ ತಿಳಿದು ಡಬ್ಬಿ ಸಿದ್ಧವಿಟ್ಟುಕೊಳ್ಳಿ. ನನ್ನನ್ನು ಕಾಪಾಡಿದ್ದು ಮನೆಯಿಂದ ಬರುತ್ತಿದ್ದ ಕಡಕ್ ರೊಟ್ಟಿ ಮತ್ತು ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ. ಜೊತೆಗೆ ಸೌತೆಕಾಯಿ, ಮೊಸರು. ಮಧ್ಯಾಹ್ನದ ಊಟಕ್ಕೆ ಅಡುಗೆಯವರೊಡನೆ ನೇರವಾಗಿ ಮಾತಾಡಿ. ‘ಜೈನ ಊಟ ಮಾಡಿಕೊಡಿ’ ಎಂದರೆ ಅವರಿಗೆ ಅದೊಂದು ಹೊಸ ಹೊರೆ. ‘ಈರುಳ್ಳಿ ಹಾಕುವ ಮೊದಲು ಬೆಂದ ಬೇಳೆಯನ್ನು ಒಂದು ಬಟ್ಟಲು ತೆಗೆದಿಡಿ’ ಎಂದರೆ ಅರ್ಧ ನಿಮಿಷದ ಕೆಲಸ, ಯಾರೂ ಇಲ್ಲ ಎನ್ನುವುದಿಲ್ಲ.

(ಶೇಂಗಾ ನೆಲದೊಳಗೆ ಬೆಳೆಯುವುದಲ್ಲವೇ ಎಂದು ಯಾರಾದರೂ ಗೆಲುವಿನ ನಗೆಯೊಂದಿಗೆ ಕೇಳುತ್ತಾರೆ. ಪ್ರತಿ ಹಾಸ್ಟೆಲಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅದು ಬೀಜ, ಗಡ್ಡೆಯಲ್ಲ; ಕಿತ್ತು ಒಣಗಿಸಿದ ಮೇಲೆ ತಿನ್ನುತ್ತೇವೆ ಎಂದು ಹೇಳಿ, ಅವರಿಗೂ ಒಂದು ಹಿಡಿ ಕೊಡಿ.)

ಬಸ್ಸು ತಡವಾಗಿ ಒಂದು ದಿನ ನಿಯಮ ತಪ್ಪಿತೆಂದು ಅತ್ತಿದ್ದಾಗಿ ಬರೆದಿದ್ದೀರಿ. ಪ್ರಾಚೀನ ಜೈನ ಗುರು ಸಮಂತಭದ್ರಾಚಾರ್ಯರು ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ಹನ್ನೊಂದು ಮೆಟ್ಟಿಲುಗಳನ್ನು ಹೇಳುತ್ತಾರೆ. ಅದರಲ್ಲಿ ರಾತ್ರಿಭೋಜನದ ತ್ಯಾಗ ಆರನೆಯದು. ಇದನ್ನು ಮೊದಲಿಗೇ ಇಟ್ಟ ಆಚಾರ್ಯರೂ ಇದ್ದಾರೆ, ಆದ್ದರಿಂದ ರಾತ್ರಿ ಊಟ ಮಾಡಿ ಎಂದು ನಾನು ಹೇಳುತ್ತಿಲ್ಲ. ಗೃಹಸ್ಥರು ಏರಿಕೊಂಡು ಹೋಗುವವರು ಎಂಬುದು ಶಾಸ್ತ್ರಕ್ಕೇ ಗೊತ್ತಿದೆ, ನೀವು ಮಾತ್ರ ಮೊದಲ ದಿನದಿಂದಲೇ ಮುನಿಗಳ ಲೆಕ್ಕದಲ್ಲಿ ನಿಮ್ಮನ್ನು ಅಳೆದುಕೊಳ್ಳುತ್ತಿದ್ದೀರಿ.

ಪ್ರಯೋಗಾಲಯದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಅಡ್ಜಸ್ಟ್‌ಮೆಂಟ್ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಡೀ ದಿನ ಬ್ಯಾಕ್ಟೀರಿಯಾ ಬೆಳೆಸಿ, ಸಂಜೆ ಆ ತಟ್ಟೆಗಳನ್ನೆಲ್ಲ ಆಟೊಕ್ಲೇವ್ ಎಂಬ ಒತ್ತಡದ ಹಬೆಯ ಯಂತ್ರಕ್ಕೆ ಹಾಕಿ 121 ಡಿಗ್ರಿಯಲ್ಲಿ ಕೊಲ್ಲುವುದು. ಸಣ್ಣ ಜೀವಿಯೂ ಸಾಯದಿರಲೆಂದು ಬೆಳಿಗ್ಗೆ ಬಸದಿಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿತ ಕೈಗೆ ಇದು ಕಸಿವಿಸಿ ತರುವುದು ಸಹಜ. ಆದರೆ ಈ ಪ್ರಶ್ನೆ ನಿಮಗೆ ಮೊದಲು ಬಂದದ್ದಲ್ಲ. ನನ್ನ ಅಪ್ಪನ ನೇಗಿಲು ಪ್ರತಿ ಮುಂಗಾರಿನಲ್ಲಿ ಎಷ್ಟು ಎರೆಹುಳುಗಳನ್ನು ಕತ್ತರಿಸುತ್ತದೆ? ಚಿಕ್ಕೋಡಿ, ಅಥಣಿ ಕಡೆಯ ಜೈನರು ತಲೆಮಾರುಗಳಿಂದ ಉಳುತ್ತಿದ್ದಾರೆ, ತಾವು ಜೈನರೇ ಎಂಬ ಅನುಮಾನ ಅವರಿಗೆ ಬಂದಿಲ್ಲ. ಹಿಂಸೆಯನ್ನು ನಮ್ಮವರು ನಾಲ್ಕಾಗಿ ವಿಂಗಡಿಸಿದ್ದಾರೆ: ಕೊಲ್ಲಲೆಂದೇ ಕೊಲ್ಲುವ ಸಂಕಲ್ಪಿ, ಅಡುಗೆ ಮನೆಗೆಲಸದಲ್ಲಿ ಆಗುವ ಆರಂಭಿ, ಬದುಕಿನ ಕಸುಬಿನಲ್ಲಿ ಆಗುವ ಉದ್ಯೋಗಿ, ರಕ್ಷಣೆಗಾಗಿ ಎದುರಿಸುವಾಗ ಆಗುವ ವಿರೋಧಿ. ಅಣುವ್ರತ (ಗೃಹಸ್ಥರ ಮಿತವಾದ ವ್ರತ) ತೆಗೆದುಕೊಂಡವರು ಪೂರ್ತಿಯಾಗಿ ಬಿಡಬೇಕಾದದ್ದು ಮೊದಲನೆಯದನ್ನು, ಅದೂ ಎರಡು ಮತ್ತು ಅದಕ್ಕೂ ಹೆಚ್ಚು ಇಂದ್ರಿಯಗಳುಳ್ಳ ತ್ರಸ ಜೀವಿಗಳ ವಿಷಯದಲ್ಲಿ. ಉಳಿದವುಗಳಲ್ಲಿ ಎಚ್ಚರ ಬೇಕು, ಅನಗತ್ಯವಾದದ್ದು ಬೇಡ. ಸೂಕ್ಷ್ಮಜೀವಿಗಳನ್ನು ಏಕೇಂದ್ರಿಯ ಜೀವಿಗಳೆಂದು ಎಣಿಸುವವರೇ ಹೆಚ್ಚು. ನಾಳೆ ನೀವು ಆಸ್ಪತ್ರೆಯ ಸೋಂಕು ಪತ್ತೆಹಚ್ಚುವ ಕೆಲಸಕ್ಕೆ ಸೇರಿದರೆ, ಅದು ಅಪ್ಪನ ಹೊಲದ ಸಾಲಿಗೇ ಸೇರುತ್ತದೆ ಎಂದು ನನ್ನ ತೀರ್ಮಾನ. ಬೇರೆಯವರು ಬೇರೆ ಹೇಳಬಹುದು.

ಇಲಿ, ಮೊಲಗಳ ಮೇಲಿನ ಪ್ರಯೋಗ ಮಾತ್ರ ಬೇರೆ. ಅದು ನಿಮಗೆ ಒಪ್ಪಿತವಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. ಪ್ರಾಜೆಕ್ಟ್ ಆಯ್ಕೆಯ ಮೊದಲೇ ಮಾರ್ಗದರ್ಶಕರಿಗೆ ಹೇಳಿ ಮಣ್ಣಿನ, ನೀರಿನ ಅಥವಾ ಆಹಾರದ ಸೂಕ್ಷ್ಮಜೀವಿಗಳ ವಿಷಯ ಆರಿಸಿಕೊಳ್ಳಿ. ಪ್ರಾಣಿಶಾಸ್ತ್ರ, ಜೀವವಿಜ್ಞಾನದ ಕೋರ್ಸುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವೇ (ಯುಜಿಸಿ) 2014ರಲ್ಲಿ ಸೂಚಿಸಿದೆ. ನಿಮ್ಮ ಹಿಂಜರಿಕೆ ಕೇವಲ ಮಡಿವಂತಿಕೆಯಲ್ಲ ಎಂದು ತೋರಿಸಲು ಅಷ್ಟು ಸಾಕು.

ಇನ್ನು ನಮ್ಮವರ ಒಡನಾಟ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರು ಶೇಕಡ 0.72. ಅಂದರೆ ನೂರು ಜನರ ತರಗತಿಯಲ್ಲಿ ನಿಮ್ಮ ಜೊತೆಗೆ ಇನ್ನೊಬ್ಬರು ಸಿಗದಿರುವುದೇ ಲೆಕ್ಕಕ್ಕೆ ಸರಿ. ಚಿಕ್ಕಪೇಟೆಯ ಸುತ್ತಮುತ್ತ ಹೋದರೆ ಜೈನರೇನೋ ಸಿಗುತ್ತಾರೆ, ಆದರೆ ‘ಜಯ ಜಿನೇಂದ್ರ’ ಎಂದ ಮರುಕ್ಷಣವೇ ಮಾತು ಹಿಂದಿಗೋ ಗುಜರಾತಿಗೋ ಮಾರವಾಡಿಗೋ ಹೊರಳುತ್ತದೆ. ಕನ್ನಡ ಮಾತಾಡುವ ನಮ್ಮ ದಿಗಂಬರ ಪಂಗಡದವರು ಅಲ್ಲಿಯೂ ನೆಂಟರ ಮನೆಯ ಹೊಸಬರೇ. ಹಾಗೆಂದು ಬಿಡಬೇಡಿ. ನಮ್ಮ ದೊಡ್ಡ ಹಬ್ಬವಾದ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಸಂಜೆಯಾದರೂ ಬಸದಿಗೆ ಹೋಗಿ, ಅಲ್ಲಿನ ಹಿರಿಯ ಹೆಂಗಸರ ಪಕ್ಕ ಕುಳಿತುಕೊಳ್ಳಿ. ನೀವು ಹಾಸ್ಟೆಲಿನವರು ಎಂದು ಅವರಿಗೆ ತಿಳಿದರೆ ಸಾಕು, ಮುಂದಿನ ಭಾನುವಾರದ ಊಟ ಎಲ್ಲಿ ಎಂಬುದನ್ನು ಅವರೇ ನಿರ್ಧರಿಸಿರುತ್ತಾರೆ. ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು, ಅಂದರೆ ಅಲುಗಾಡುತ್ತಿರುವವರನ್ನು ಹಿಡಿದು ನಿಲ್ಲಿಸುವುದು. ಅದನ್ನು ಯಾರೂ ತಮಗೆ ತಾವೇ ಮಾಡಿಕೊಳ್ಳಲಾರರು. ಇನ್ನೊಬ್ಬರು ಬೇಕೇ ಬೇಕು.

ಒಂದು ಮಾತು ಕಟುವಾಗಿ ಕೇಳಿಸಬಹುದು. ‘ಇಲ್ಲಿ ಯಾರಿಗೂ ಬದುಕಿನ ಬಗ್ಗೆ ಗಂಭೀರ ಯೋಚನೆಯಿಲ್ಲ’ ಎಂದಿದ್ದೀರಿ. ನಿಮ್ಮ ಎದುರುಕೋಣೆಯವರು ಶುಕ್ರವಾರ ಏಕೆ ಉಪವಾಸವಿರುತ್ತಾರೆ, ಇನ್ನೊಬ್ಬರು ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಎಲ್ಲಿಗೆ ಹೋಗುತ್ತಾರೆ ಎಂದು ಎಂದಾದರೂ ಕೇಳಿದ್ದೀರಾ? ನನ್ನ ಕೋಣೆಯಲ್ಲಿದ್ದ ಮುಸ್ಲಿಂ ಗೆಳೆಯರು ರಮಜಾನಿನಲ್ಲಿ ಹಗಲೆಲ್ಲ ಉಪವಾಸವಿದ್ದು ಸಂಜೆ ಸೂರ್ಯ ಮುಳುಗಲೆಂದು ಕಾಯುತ್ತಿದ್ದರು. ನಾನು ಸೂರ್ಯ ಮುಳುಗುವುದರೊಳಗೆ ತಿಂದು ಮುಗಿಸಲು ಓಡುತ್ತಿದ್ದೆ. ಒಂದೇ ಪಂಚಾಂಗದ ಹಾಳೆಯನ್ನು ಗೋಡೆಗೆ ಅಂಟಿಸಿ ಇಬ್ಬರೂ ನೋಡುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ನನ್ನ ನಿಯಮವನ್ನು ವಿವರಣೆಯಿಲ್ಲದೆ ಅರ್ಥಮಾಡಿಕೊಂಡದ್ದು ಅವರೊಬ್ಬರೇ.

ಈ ವಾರ ಮಾಡಬೇಕಾದದ್ದು ವಾರ್ಡನ್‌ಗೆ ಅರ್ಧ ಪುಟದ ಅರ್ಜಿ. ಅದರಲ್ಲಿ ಧರ್ಮದ ವಿವರಣೆ ಬೇಡ. ಸಂಜೆ ಐದೂಕಾಲಕ್ಕೆ ಅನ್ನ ಮತ್ತು ತೆಗೆದಿಟ್ಟ ಬೇಳೆ, ಕೋಣೆಯಲ್ಲಿ ವಿದ್ಯುತ್ ಕೆಟಲಿಗೆ ಅನುಮತಿ, ದಶಲಕ್ಷಣದ ಕೊನೆಯ ದಿನವಾದ ಅನಂತ ಚತುರ್ದಶಿಯಂದು ರಜೆ, ಈ ಮೂರನ್ನೇ ಬರೆಯಿರಿ. ಮೆಸ್ ಸಮಿತಿಯ ವಿದ್ಯಾರ್ಥಿ ಪ್ರತಿನಿಧಿಯ ಸಹಿ ಹಾಕಿಸಿಯೇ ಕೊಡಿ, ಇಲ್ಲದಿದ್ದರೆ ಅದು ಮೇಜಿನ ಮೇಲೆಯೇ ಉಳಿಯುತ್ತದೆ. ಆ ಪ್ರತಿನಿಧಿ ರಾತ್ರಿ ಎಂಟೂಕಾಲಕ್ಕೆ ಮೆಸ್ಸಿನಲ್ಲೇ ಸಿಗುತ್ತಾರೆ.