ಐಟಿಐ ಮಕ್ಕಳಿಗೆ ಗುಂಪಿನಲ್ಲಿ ಕಲಿಸಿದರೆ ಸ್ವಂತವಾಗಿ ಯೋಚಿಸುವುದು ಬರುತ್ತಾ?

ಐಟಿಐ ಮಕ್ಕಳು ಹೇಳಿಕೊಟ್ಟಷ್ಟೇ ಮಾಡುತ್ತಾರೆ, ಗುಂಪು ಕಟ್ಟಿ ಕಲಿಸಿದರೆ ತಾವೇ ಯೋಚಿಸುತ್ತಾರಾ ಅಂತ ಕೇಳಿದ್ದೀರಿ. ಯೋಚಿಸುತ್ತಾರೆ. ಆದರೆ ಸುಮ್ನೆ ನಾಲ್ವರನ್ನು ಒಟ್ಟಿಗೆ ಕೂರಿಸಿದರೆ ಒಬ್ಬ ಕೆಲಸ ಮಾಡುತ್ತಾನೆ, ಮೂವರು ನೋಡುತ್ತಾರೆ. ಒಬ್ಬರ ಕೈಲಾಗದ ಕೆಲಸ ಕೊಡಬೇಕು.

ನಾನು ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಫಾಲ್ಟ್ ಹುಡುಕುವುದೇ ಅಂಥ ಕೆಲಸ. ಡಿಓಎಲ್ ಸ್ಟಾರ್ಟರ್ (ಮೋಟರನ್ನು ನೇರವಾಗಿ ಲೈನಿಗೆ ಸೇರಿಸಿ ಶುರು ಮಾಡುವ ಸಾಧನ) ಇರುವ ತ್ರೀ ಫೇಸ್ ಮೋಟರ್ ತೆಗೆದುಕೊಳ್ಳಿ. ಬಟನ್ ಬಿಟ್ಟ ಮೇಲೂ ಮೋಟರನ್ನು ಓಡಿಸುತ್ತಲೇ ಇರುವ ಹೋಲ್ಡಿಂಗ್ ಕಾಂಟ್ಯಾಕ್ಟಿನ ವೈರನ್ನು ಯಾರಿಗೂ ಹೇಳದೆ ಬಿಚ್ಚಿಡಿ. ಹಸಿರು ಬಟನ್ ಒತ್ತಿದಷ್ಟು ಹೊತ್ತು ಮೋಟರ್ ತಿರುಗುತ್ತದೆ, ಕೈ ತೆಗೆದರೆ ನಿಲ್ಲುತ್ತದೆ.

ಅದಕ್ಕೂ ಮೊದಲು ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿ: ಪವರ್ ಸರ್ಕ್ಯೂಟ್ (ಮೋಟರಿಗೆ ಕರೆಂಟ್ ಹೋಗುವ ದಾರಿ), ಕಂಟ್ರೋಲ್ ಸರ್ಕ್ಯೂಟ್ (ಬಟನ್‌ಗಳ ವೈರಿಂಗ್), ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಭಾಗ), ಮೋಟರ್ ವೈಂಡಿಂಗ್. ಎಲ್ಲ ಗುಂಪುಗಳ ಕಂಟ್ರೋಲ್ ಸರ್ಕ್ಯೂಟಿನವರು ಒಂದು ಕಡೆ ಸೇರಿ ಕಲಿತು, ವಾಪಸ್ ಬಂದು ತಮ್ಮವರಿಗೆ ಹೇಳಿಕೊಡಬೇಕು. ಉಳಿದವರೂ ಹಾಗೆಯೇ. ಇದಕ್ಕೆ ಜಿಗ್ಸಾ ವಿಧಾನ ಅನ್ನುತ್ತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್‌ಸನ್ ಇದನ್ನು ಶುರು ಮಾಡಿದರು. ಬಿಳಿಯರ, ಕಪ್ಪು ಜನರ ಮಕ್ಕಳು ಒಂದೇ ತರಗತಿಗೆ ಬಂದಾಗ ಅವರ ನಡುವಿನ ಹಗೆ ಕಡಿಮೆಯಾಗಲಿ ಅಂತ.

ಇನ್ನು ನನ್ನ ನಿಯಮ. ಮಲ್ಟಿಮೀಟರ್ ಮುಟ್ಟುವ ಮೊದಲು ಎರಡು ಸಾಲು ಬರೆಯಬೇಕು. ಅನುಮಾನ ಎಲ್ಲಿ? ಏನು ಕಂಡರೆ ಆ ಅನುಮಾನ ತಪ್ಪು? ಮಾತು ಶುರುವಾಗುವುದು ಎರಡನೆಯ ಸಾಲಿನಿಂದಲೇ. "ಒಂದು ಫೇಸ್ ಹೋಗಿದೆ" ಅಂತ ಒಬ್ಬ ಅಂದರೆ, "ಹಾಗಿದ್ರೆ ಮೋಟರ್ ಗುಂಯ್ ಅಂತ ನಿಂತಿರಬೇಕಿತ್ತು, ಅಲ್ವಾ?" ಅಂತ ಇನ್ನೊಬ್ಬಳು ಕೇಳುತ್ತಾಳೆ. "ರಿಲೇ ಟ್ರಿಪ್ ಆಗಿದೆ" ಅಂದರೆ, ಆಗಿದ್ದರೆ ಬಟನ್ ಒತ್ತಿದರೂ ಸ್ಟಾರ್ಟರಿನ ಕಾಯಿಲ್ ಎಳೆಯುತ್ತಿರಲಿಲ್ಲ, ಮೋಟರ್ ತಿರುಗುತ್ತಲೇ ಇರಲಿಲ್ಲ ಅನ್ನುವ ಉತ್ತರ ಬರುತ್ತದೆ. ಹೀಗೆ ಒಂದೊಂದೇ ಬಿಟ್ಟುಹೋಗಿ, ಕೊನೆಗೆ ಸಪ್ಲೈ ತೆಗೆದು ಹೋಲ್ಡಿಂಗ್ ಕಾಂಟ್ಯಾಕ್ಟಿನ ವೈರಿಂಗ್ ನೋಡುತ್ತಾರೆ. ಸಪ್ಲೈ ಕೊಡುವುದು, ತೆಗೆಯುವುದು ಮಾತ್ರ ಮೇಷ್ಟ್ರ ಕಣ್ಣೆದುರೇ ಆಗಬೇಕು.

ಕೊನೆಯಲ್ಲಿ ಚೀಟಿ ಎತ್ತಿ, ಹೆಸರು ಬಂದವರಿಂದ ಕಾರಣ ಹೇಳಿಸಿ. ಮಾರ್ಕ್ಸ್ ಇಡೀ ಗುಂಪಿಗೆ. ಆಗ ಚೆನ್ನಾಗಿ ಬಲ್ಲವರು ಬಾಯಿ ಮುಚ್ಚಿಕೊಂಡಿರುವ ಗೆಳೆಯನಿಗೂ ಕೂತು ವಿವರಿಸುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಬಂತು ಅಂತ ಈ ಮಕ್ಕಳನ್ನು ದಡ್ಡರ ಲೆಕ್ಕಕ್ಕೆ ಸೇರಿಸಿದರೆ ನನಗೆ ಸಿಟ್ಟು ಬರುತ್ತದೆ. ಹೊಲದಲ್ಲಿ ಪಂಪ್‌ಸೆಟ್ ಕೆಟ್ಟರೆ ಬಿಚ್ಚಿ ನೋಡುವವರು ಇವರಲ್ಲೇ ಜಾಸ್ತಿ. ಯಾಕೆ ಹಾಗೆ ಮಾಡಿದೆ ಅಂತ ಇವರನ್ನು ಯಾರೂ ಕೇಳಿಲ್ಲ, ಅಷ್ಟೇ.

ನಿಮ್ಮದು ಫಿಟ್ಟರ್ ಟ್ರೇಡ್ ಆದರೆ, ಒಂದಕ್ಕೊಂದು ಕೂರದ ಎರಡು ಪೀಸ್ ಕೊಡಿ. ತಪ್ಪಿದ್ದು ಮಾರ್ಕಿಂಗಲ್ಲೋ, ಫೈಲಿಂಗಲ್ಲೋ, ವರ್ನಿಯರ್ ಓದುವುದರಲ್ಲೋ ಅವರೇ ಹುಡುಕಲಿ.