ಪೊದೆ ಅಲ್ಲಾಡಿದರೆ ಕೋವಿ ಎತ್ತಬೇಡಿ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನಗೀಗ 68. ಬ್ಯಾಂಕಿನಿಂದ ರಿಟೈರ್ ಆಗಿ ನಾಗರಬಾವಿಯಲ್ಲಿದ್ದೇನೆ. ಊರು ಕೊಪ್ಪದ ಹತ್ತಿರ. ಹುಡುಗನಾಗಿದ್ದಾಗ, ಕಾಯ್ದೆ ಬರುವ ಮುಂಚೆ, ಅಜ್ಜನ ಜೊತೆ ಹಂದಿ ಶಿಕಾರಿಗೆ ಹೋಗುತ್ತಿದ್ದೆ. ಮಗಳು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾಳೆ. ನಮ್ಮಿಬ್ಬರಿಗೂ ರೆಸಿಡೆಂಟ್ ವೀಸಾ ಬಂದಿದೆ, ಜನವರಿಯಲ್ಲಿ ಹೊರಡುತ್ತೇವೆ. ಅಲ್ಲಿ ಶಿಕಾರಿ ಮಾಡಬಹುದಂತೆ, ಅಳಿಯನ ಸ್ನೇಹಿತರು ಕರೆದಿದ್ದಾರೆ. ಐವತ್ತು ವರ್ಷದ ಹಿಂದಿನ ಆಸೆ ಮತ್ತೆ ಎದ್ದು ಕೂತಿದೆ. ಅಜ್ಜನ ಜೋಡುನಳಿಗೆ ಕೋವಿ ಈಗ ನನ್ನ ಲೈಸೆನ್ಸಿನಲ್ಲಿದೆ. ಅದನ್ನು ಒಯ್ಯಬಹುದೇ? ಅಲ್ಲಿ ಏನೇನು ಮಾಡಬೇಕು? 'ಇಲ್ಲಿ ಬಿಟ್ಟ ಪಾಪವನ್ನು ಅಲ್ಲಿ ಹೋಗಿ ಹೊತ್ತುಕೊಳ್ಳಬೇಕಾ?' ಅಂತ ಹೆಂಡತಿ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?
– ಓದುಗರು, ನಾಗರಬಾವಿ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುತ್ತಾ ನನಗೆ ನಮ್ಮ ಮನೆಯೇ ನೆನಪಾಯಿತು. ನಾನು ಕೊಡಗಿನವಳು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂವು ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಾ ಬೆಳೆದವಳು. ಅಪ್ಪನ ಹಿಂದೆ ಕೊನೆಯ ಸಲ ಹಂದಿ ಬೇಟೆಗೆ ಹೋಗಿದ್ದು 1971ರಲ್ಲಿ, ಆಗ ನನಗೆ ಹದಿನೈದು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ತೆಗೆದುಕೊಂಡು ಶಿಕಾರಿ ಮಾಡುವುದೂ ನಿಂತಿತು. ನಿಲ್ಲಲೇಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆಮೇಲೆ ನರ್ಸ್ ಕೆಲಸಕ್ಕೆ ಅಂತ ನ್ಯೂಜಿಲೆಂಡಿನ ಡನೀಡನ್‌ಗೆ ಹೋದೆ, ಇಪ್ಪತ್ತು ವರ್ಷ ಅಲ್ಲಿದ್ದೆ. ಅಲ್ಲಿ ಮತ್ತೆ ಕೋವಿ ಹಿಡಿದೆ. ಈಗ ವಸಂತನಗರದ ಮನೆಯಲ್ಲಿ ಕೂತು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಜ್ಜನ ಕೋವಿಯನ್ನು ಇಲ್ಲೇ ಬಿಡಿ. ಅಲ್ಲಿಗೆ ಒಯ್ಯಬೇಕಾದರೆ ಅಲ್ಲಿನ ಲೈಸೆನ್ಸ್ ಬೇಕು, ಅದರ ಮೇಲೆ ಆಮದಿಗೆ ಬೇರೆ ಪರ್ಮಿಟ್ ಬೇಕು. ಅಷ್ಟೆಲ್ಲಾ ಮಾಡಿ ಒಯ್ದರೂ ಅಲ್ಲಿನ ಜಿಂಕೆಗೆ ಅದು ಆಗುವುದಿಲ್ಲ. ನೂರು, ಇನ್ನೂರು ಮೀಟರ್ ದೂರದಿಂದ ರೈಫಲ್‌ನಲ್ಲಿ ಹೊಡೆಯುವ ಬೇಟೆ ಅದು. ಹೊರಡುವ ಮುಂಚೆ ಕೋವಿಯನ್ನು ಲೈಸೆನ್ಸ್ ಇರುವ ವಾರಸುದಾರರ ಹೆಸರಿಗೆ ಮಾಡಿಸಿ. ಇಲ್ಲವಾದರೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಿ. 'ತಮ್ಮನ ಮನೆ ಅಟ್ಟದಲ್ಲಿ ಇರಲಿ' ಅಂತ ಮಾತ್ರ ಮಾಡಬೇಡಿ. ಲೈಸೆನ್ಸ್ ಇಲ್ಲದವರ ಮನೆಯಲ್ಲಿ ಸಿಕ್ಕರೆ ಅವರ ಮೇಲೆ ಕೇಸು ಬೀಳುತ್ತದೆ.

ಈಗ ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ.

ನಮ್ಮದು ಹಳು ಸೋವುವ ಬೇಟೆ, ಅಲ್ವಾ? ನಿಮ್ಮ ಕಡೆ ಬಿಲ್ಲಿಗೆ ನಿಲ್ಲುವುದು ಅನ್ನುತ್ತಾರೆ. ಒಂದು ಕಡೆಯಿಂದ ಜನ, ನಾಯಿ ಗಲಾಟೆ ಮಾಡುತ್ತಾ ಬರುತ್ತಾರೆ. ಇನ್ನೊಂದು ಕಡೆ ಕೋವಿ ಹಿಡಿದವರು ನಿಂತಿರುತ್ತಾರೆ. ಯಾರು ಯಾವ ಮರದ ಹತ್ತಿರ ಇದ್ದಾರೆ ಅಂತ ಎಲ್ಲರಿಗೂ ಗೊತ್ತು. ಪೊದೆ ಅಲ್ಲಾಡಿತು ಅಂದರೆ ಹಂದಿ ಬಂತು ಅಂತಲೇ ಲೆಕ್ಕ. ಕಣ್ಣು ಪೂರ್ತಿ ನೋಡುವ ಮುಂಚೆ ಕೈ ಏಳುತ್ತದೆ. ಇಷ್ಟು ವರ್ಷ ಆದರೂ ಆ ಅಭ್ಯಾಸ ಕೈಯಿಂದ ಹೋಗಿರುವುದಿಲ್ಲ. ನನ್ನ ಕೈಯಿಂದಲೂ ಹೋಗಿರಲಿಲ್ಲ.

ನ್ಯೂಜಿಲೆಂಡಿನ ಮಕರೋರಾ ಕಣಿವೆಗೆ ನಾನು ಮೊದಲ ಸಲ ಬೇಟೆಗೆ ಹೋಗಿದ್ದು ಏಪ್ರಿಲ್ ಮೊದಲ ವಾರ. ಅದು ಗಂಡು ಕೆಂಪು ಜಿಂಕೆ ಕೂಗುವ ಕಾಲ, ಅಲ್ಲಿಯವರು ರೋರ್ ಅನ್ನುತ್ತಾರೆ. ಎಮ್ಮೆ ಕೂಗಿದ ಹಾಗೆ ಶುರುವಾಗಿ, ಒಣ ಗಂಟಲಲ್ಲಿ ಕೆಮ್ಮಿದ ಹಾಗೆ ಮುಗಿಯುವ ಕೂಗು. ಬೇಟೆಯವರು ಕೊಳವೆಯಲ್ಲಿ ಊದಿ ಅದೇ ಥರ ಕೂಗುತ್ತಾರೆ. ಇನ್ನೊಂದು ಗಂಡು ಬಂದಿದೆ ಅಂದುಕೊಂಡು ಜಿಂಕೆ ಹತ್ತಿರ ಬರುತ್ತದೆ. ನನಗಿನ್ನೂ ಲೈಸೆನ್ಸ್ ಇರಲಿಲ್ಲ. ನಮ್ಮ ವಾರ್ಡಿನ ಸಹೋದ್ಯೋಗಿಯೊಬ್ಬರ ಗಂಡ ತಮ್ಮ ರೈಫಲ್ ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ಇದ್ದರು. ಅವರ ಕೈಯಲ್ಲಿ ಬೇರೆ ಕೋವಿ ಇರಲಿಲ್ಲ. ಲೈಸೆನ್ಸ್ ಇಲ್ಲದವರು ಹಿಡಿಯಬೇಕಾದರೆ ಅಲ್ಲಿನ ನಿಯಮವೇ ಹಾಗೆ. ಲೈಸೆನ್ಸ್ ಇರುವವರು ಕೈಗೆಟುಕುವಷ್ಟು ಹತ್ತಿರ ಇರಬೇಕು.

ಅವರು ಊದಿದರು. ಇಳಿಜಾರಿನ ಕೆಳಗಿನಿಂದ ಉತ್ತರ ಬಂತು. ಮತ್ತೆ ಊದಿದರು, ಮತ್ತೆ ಬಂತು, ಈ ಸಲ ಇನ್ನೂ ಹತ್ತಿರ. ಜರಿಗಿಡಗಳು ಅಲ್ಲಾಡಿದವು. ನಡುವೆ ಕಂದು ಬಣ್ಣ ಕಂಡಿತು. ರೈಫಲ್ ಹೆಗಲಿಗೆ ಬಂದಿದ್ದೇ ನನಗೆ ಗೊತ್ತಾಗಲಿಲ್ಲ. ಅವರು ಅಂಗೈಯಿಂದ ನಳಿಗೆಯನ್ನು ನೆಲಕ್ಕೆ ಒತ್ತಿ ಹಿಡಿದರು. 'ಏನು ಕಾಣಿಸಿತು?' ಅಂತ ಪಿಸುಗುಟ್ಟಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂದು ಬಣ್ಣ ಬಿಟ್ಟು ನಾನು ಬೇರೇನನ್ನೂ ನೋಡಿರಲಿಲ್ಲ. ಅರ್ಧ ನಿಮಿಷಕ್ಕೆ ಅಲ್ಲಿಂದ ಒಬ್ಬ ಹುಡುಗ ಎದ್ದು ಬಂದ. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಕಂದು ಉಣ್ಣೆ ಅಂಗಿ, ಕೊರಳಲ್ಲಿ ಊದುವ ಕೊಳವೆ. ನಮ್ಮ ಕೂಗಿಗೆ ಅವನು, ಅವನ ಕೂಗಿಗೆ ನಾವು ಉತ್ತರ ಕೊಡುತ್ತಿದ್ದೆವು. ನಾನು ಅಲ್ಲೇ ಒದ್ದೆ ಪಾಚಿಯ ಮೇಲೆ ಕೂತುಬಿಟ್ಟೆ. ಆ ದಿನ ಮತ್ತೆ ರೈಫಲ್ ಮುಟ್ಟಲಿಲ್ಲ. ಆ ಹುಡುಗನ ಅಂಗಿಯ ಗುಂಡಿಗಳು ಇವತ್ತಿಗೂ ಕಣ್ಣಿಗೆ ಕಟ್ಟಿವೆ.

ಅಲ್ಲಿ ಕೋವಿ ಸುರಕ್ಷತೆಗೆ ಏಳು ನಿಯಮಗಳಿವೆ. ನಾಲ್ಕನೆಯದು, ಗುರಿ ಏನು ಅಂತ ಎಳ್ಳಷ್ಟೂ ಅನುಮಾನ ಇಲ್ಲದೆ ಗುರುತಿಸಬೇಕು ಅನ್ನುವುದು. ದಯವಿಟ್ಟು ಇದನ್ನು ಪರೀಕ್ಷೆಗೆ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ತಲೆ, ಕಿವಿ, ಕಾಲು, ಇಡೀ ಪ್ರಾಣಿ ಕಾಣಬೇಕು. ಬೈನಾಕ್ಯುಲರ್‌ನಲ್ಲಿ ನೋಡಿ, ರೈಫಲ್ ಮೇಲಿನ ದುರ್ಬೀನಿನಲ್ಲಿ ಹುಡುಕಬೇಡಿ. ಅದರಲ್ಲಿ ನೋಡುವುದು ಅಂದರೆ ಎದುರಿಗೆ ಇರುವುದು ಏನೇ ಆಗಲಿ, ಅದರ ಕಡೆಗೆ ನಳಿಗೆ ತಿರುಗಿಸಿದ ಹಾಗೆ. ಕಂದು, ಬೂದು ಬಟ್ಟೆ ಬೇಡ, ಕಣ್ಣಿಗೆ ಹೊಡೆಯುವ ಬಣ್ಣದ್ದು ಹಾಕಿಕೊಳ್ಳಿ. ಅನುಮಾನ ಬಂದರೆ ಜಿಂಕೆ ಹೋಗಲಿ ಬಿಡಿ.

ಇನ್ನು ಲೈಸೆನ್ಸ್. ಮಾರ್ಚ್ 2019ರಲ್ಲಿ ನೀವು ಹೋಗುತ್ತಿರುವ ಕ್ರೈಸ್ಟ್‌ಚರ್ಚ್‌ನಲ್ಲೇ ಮಸೀದಿಗಳ ಮೇಲೆ ದಾಳಿ ಆಯಿತು, 51 ಜನ ಸತ್ತರು. ಅದಾದ ಮೇಲೆ ಕಾನೂನು ತುಂಬಾ ಬಿಗಿಯಾಗಿದೆ. ಕೋವಿ ಲೈಸೆನ್ಸ್ ಬಗ್ಗೆ ಕೇಳುವಾಗ ಆ ಊರಿನ ನೋವು ನೆನಪಿರಲಿ. ಲಿಖಿತ ಪರೀಕ್ಷೆ ಇರುತ್ತದೆ, ಕೋವಿ ಹಿಡಿಯುವುದನ್ನು ಕಲಿಸುವ ತರಗತಿ ಇರುತ್ತದೆ. ಮನೆಯವರನ್ನೂ ನಿಮ್ಮನ್ನು ಬಲ್ಲ ಇನ್ನೊಬ್ಬರನ್ನೂ ಮಾತಾಡಿಸುತ್ತಾರೆ, ಅಂದರೆ ನಿಮ್ಮ ಮನೆಯವರ ಮಾತಿಗೆ ಅಲ್ಲಿ ಬೆಲೆ ಇದೆ. ಬೀಗದ ಪೆಟ್ಟಿಗೆಯನ್ನು ನೋಡುತ್ತಾರೆ. ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿ ಇಡಬೇಕು. ಜೂನ್ 2023ರಿಂದ ಕೋವಿಗಳ ನೋಂದಣಿಯೂ ಶುರುವಾಗಿದೆ. ಸರ್ಕಾರಿ ಕಾಡಿಗೆ ಹೋಗಲು ಸಂರಕ್ಷಣಾ ಇಲಾಖೆಯ ಪರ್ಮಿಟ್ ಬೇಕು, ಅದು ಪುಕ್ಕಟೆ. ಖಾಸಗಿ ಜಮೀನಾದರೆ ರೈತರ ಒಪ್ಪಿಗೆ ಬೇಕು. ನಿಮ್ಮ ವಯಸ್ಸಿಗೆ ನಾನು ಹೇಳುವುದು, ಮೊದಲ ವರ್ಷ ಬಯಲಿನ ಹೊಲಗಳಲ್ಲಿ ಮೊಲ ಹೊಡೆಯಿರಿ. ಮಂಡಿಗೂ ಒಳ್ಳೆಯದು, ಕಣ್ಣಿಗೂ ಅಭ್ಯಾಸ. ನ್ಯೂಜಿಲೆಂಡ್ ಡೀರ್‌ಸ್ಟಾಕರ್ಸ್ ಅಸೋಸಿಯೇಷನ್ ಅಂತ 1937ರಿಂದ ಇದೆ. ಹೊಸಬರಿಗೆ ಅವರು ತರಬೇತಿ ಕೊಡುತ್ತಾರೆ, ಸೇರಿಕೊಳ್ಳಿ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಎರಡೂ ಕಾಡು ಒಂದೇ ಅಲ್ಲ. ನ್ಯೂಜಿಲೆಂಡಿನ ನೆಲದ ಮೇಲೆ ಬಾವಲಿ ಬಿಟ್ಟು ಬೇರೆ ಸಸ್ತನಿಯೇ ಮೊದಲು ಇರಲಿಲ್ಲ. ಜಿಂಕೆಗಳನ್ನೆಲ್ಲ ಹೊರಗಿನಿಂದ ಬಂದವರು ಬೇಟೆಯ ಶೋಕಿಗೆ ಹಡಗಿನಲ್ಲಿ ತಂದು ಬಿಟ್ಟರು. ನಮ್ಮ ಕಡವೆಯೂ ಅಲ್ಲಿದೆ ಗೊತ್ತಾ? 1870ರ ದಶಕದಲ್ಲಿ ಸಿಲೋನಿನಿಂದ ತಂದು ಮನವಾಟು ಕಡೆ ಬಿಟ್ಟದ್ದು. ಇಲ್ಲಿ ಕಡವೆಗೆ ಹುಲಿ ಇದೆ. ಅಲ್ಲಿ ಯಾವುದೂ ಇಲ್ಲ. ಕಾಡಿನ ಸಸಿಗಳನ್ನೆಲ್ಲ ಜಿಂಕೆ ಮೇಯ್ದುಬಿಡುತ್ತದೆ, ಹಳೇ ಮರ ಬಿದ್ದರೆ ಹೊಸದು ಏಳುವುದಿಲ್ಲ. 1930ರ ದಶಕದಲ್ಲಿ ಸರ್ಕಾರವೇ ಸಂಬಳ ಕೊಟ್ಟು ಜಿಂಕೆ ಹೊಡೆಸಿತ್ತು.

ಹಾಗಂತ ಪಾಪವೇ ಇಲ್ಲ ಅಂತ ನಾನು ಬರೆದುಕೊಡಲಾರೆ. ಹೊಡೆದ ಜಿಂಕೆಯ ಹತ್ತಿರ ಹೋಗಿ ಕೂತಾಗ ಅದರ ಕಣ್ಣು ಇನ್ನೂ ಒದ್ದೆ ಇರುತ್ತದೆ. ನಾನು ಪ್ರತಿ ಸಲ ಕೊರಳ ಮೇಲೆ ಕೈಯಿಟ್ಟು ಒಂದು ನಿಮಿಷ ಕೂರುತ್ತಿದ್ದೆ. ಹೊಡೆದಿದ್ದನ್ನು ತಿನ್ನಿ, ಹಂಚಿ. ಮಾರುವ ಹಾಗಿಲ್ಲ, ಕಾನೂನೂ ಬಿಡುವುದಿಲ್ಲ. ಹೋಗುವ ಮುಂಚೆ ಆ ಕಾಡಿನಲ್ಲಿ 1080 ಅನ್ನುವ ವಿಷ ಹಾಕಿದ್ದಾರಾ ಅಂತ ಇಲಾಖೆಯ ಪಟ್ಟಿಯಲ್ಲಿ ನೋಡಿ. ಹಾಕಿದ್ದರೆ ಅಲ್ಲಿನ ಮಾಂಸ ಮುಟ್ಟಬೇಡಿ. ಮಾಂಸ ಅಡುಗೆಮನೆಗೆ ಬರಬಾರದು ಅಂತ ನಿಮ್ಮ ಮನೆಯವರು ಹೇಳಿದರೆ ಅದನ್ನು ನಡೆಸಿಕೊಡಿ. ಮಗಳ ಗ್ಯಾರೇಜಿನಲ್ಲಿ ಬೇರೆ ಫ್ರಿಜ್ ಇಟ್ಟರಾಯಿತು.

ಒಂದು ಸಣ್ಣ ವಿಷಯ. ಕೊಪ್ಪದ ತೋಟದಲ್ಲಿ ಓಡಾಡಿದ ಬೂಟು ಒಯ್ಯುವುದಾದರೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅಡಿಯ ಗೆರೆಗೆರೆಯನ್ನೂ ತಿಕ್ಕಿ ತೊಳೆಯಿರಿ. ವಿಮಾನ ನಿಲ್ದಾಣದ ಫಾರಂನಲ್ಲೂ ಬರೆಯಿರಿ. ಬರೆಯದೆ ಮಣ್ಣಿನ ಬೂಟಿನೊಂದಿಗೆ ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ.

ಜನವರಿಯಲ್ಲಿ ಹೋದರೆ ಈ ಸಲದ ರೋರ್ ಹೊತ್ತಿಗೆ ನಿಮಗೆ ಲೈಸೆನ್ಸ್ ಬಂದಿರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಯುಗಾದಿ ಆಗುವ ಆ ದಿನಗಳಲ್ಲಿ ಅಳಿಯನ ಸ್ನೇಹಿತರ ಜೊತೆ ಬರಿಗೈಯಲ್ಲಿ ಹೋಗಿ. ಬೆಳಗಿನ ಜಾವ ಒಂದು ಜಾಗದಲ್ಲಿ ಕೂತು ಕೇಳಿ. ಯಾವುದು ಜಿಂಕೆ, ಯಾವುದು ಮನುಷ್ಯ ಅಂತ ಎಷ್ಟು ಕೂಗಿಗೆ ನಿಮಗೆ ಗೊತ್ತಾಯಿತು, ನನಗೆ ಬರೆದು ತಿಳಿಸಿ.